ನಾಲ್ಕನೆಯದನ್ನು ಕೇಳಬೇಕು

ನನ್ನ ವಾರಗಿತ್ತಿಗೂ ನನಗೂ ಹದಿನಾರು ವರ್ಷಗಳಿಂದ ಜಗಳ. ಅವರು ನನ್ನ ಗಂಡನ ಅಣ್ಣನ ಹೆಂಡತಿ, ಸೊರಬದಲ್ಲಿದ್ದಾರೆ. ನಾವು ಶಿಕಾರಿಪುರದಲ್ಲಿ ಕಿರಾಣಿ ಅಂಗಡಿಯ ಮೇಲಿನ ಮನೆಯಲ್ಲಿ ಅತ್ತೆಯವರ ಜೊತೆ ಇದ್ದೇವೆ. ಎರಡು ಮನೆಗಳ ನಡುವೆ ಬಸ್ಸಿನಲ್ಲಿ ಉಪ್ಪಿನಕಾಯಿ ಬರುತ್ತದೆ, ಲಗ್ನಪತ್ರಿಕೆ ಹೋಗುತ್ತದೆ, ಮತ್ತು ಎರಡು ಕಡೆಯಿಂದಲೂ ಕಾಮಿಕ್ಸ್ ಪುಸ್ತಕಗಳು ಓಡಾಡುತ್ತವೆ. ಜಗಳ ಈ ಪುಸ್ತಕಗಳದ್ದು.

ಮದುವೆಯಾಗಿ ಬಂದಾಗ ನನ್ನ ಸೀರೆಗಳ ಜೊತೆ ಒಂದು ರಟ್ಟಿನ ಡಬ್ಬಿ ಇಳಿಯಿತು. ಒಳಗೆ ನನ್ನ ಇಂಗ್ಲಿಷ್ ಕಾಮಿಕ್ಸ್‌ಗಳು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ ಒಂದೊಂದಕ್ಕೂ ಬೈಂಡು ಹಾಕಿ, ಲೇಬಲ್ ಅಂಟಿಸಿ, ಲೇಬಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು ಹೆಸರು ಬರೆದಿದ್ದೆ. ಅತ್ತೆಯವರು ಒಂದನ್ನು ಬಿಡಿಸಿ ನೋಡಿ, ‘ಇದೇನವ್ವ, ಮಕ್ಕಳಾಗೋಕ್ಕಿಂತ ಮೊದ್ಲ ಮಕ್ಕಳ ಪುಸ್ತಕ ತಂದೀಯಲ್ಲ’ ಅಂದರು. ವಾರಗಿತ್ತಿ ಮಾತ್ರ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: ‘ನಿಂಗೂ ಇದ್ಯಾ ಈ ಚಟ?’

ಆ ತಿಂಗಳೇ ಸೊರಬಕ್ಕೆ ಕರೆಸಿಕೊಂಡು ತಮ್ಮ ಟ್ರಂಕು ತೆಗೆದು ತೋರಿಸಿದರು. ಅವರ ತವರು ಆನವಟ್ಟಿ. ಹುಡುಗಿಯಾಗಿದ್ದಾಗ ಅಲ್ಲಿಯ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬರುತ್ತಿದ್ದ ಕನ್ನಡ ಚಿತ್ರಕಥೆಗಳನ್ನೆಲ್ಲ ಒಂದೂ ಬಿಡದೆ ಕೂಡಿಟ್ಟಿದ್ದರು. ನಡುನಡುವೆ ನುಸಿಗುಳಿಗೆ. ಸ್ನೇಹವಾಗಬೇಕಿದ್ದ ಗಳಿಗೆ ಅದು. ನಾನು ಬಾಯಿ ತೆರೆದು, ತುಂಬ ಮೃದುವಾಗಿಯೇ, ‘ಕನ್ನಡದಲ್ಲೂ ಇಂಥವು ಬರ್ತಿದ್ವಾ ಅಕ್ಕ?’ ಎಂದು ಕೇಳಿಬಿಟ್ಟೆ.

ಟ್ರಂಕಿನ ಮುಚ್ಚಳ ಹಿಡಿದಿದ್ದ ಅವರ ಹೆಬ್ಬೆರಳು ಬೆಳ್ಳಗಾಯಿತು.

‘ಬರ್ತಿದ್ವು. ನಿಮ್ ಸಿಸ್ಟರುಗಳು ಹೇಳಿರ್ಲಿಲ್ಲ ಅನ್ಸುತ್ತೆ.’

ಅವತ್ತಿನಿಂದ ನಾನು ‘ಕಾನ್ವೆಂಟಮ್ಮ’. ನಿಯಮ ಮಾಡಿದ್ದೂ ಅವತ್ತೇ. ಆನವಟ್ಟಿಯಲ್ಲಿ ಹುಡುಗಿಯರು ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದ ರೀತಿಯಂತೆ ಅದು. ಒಬ್ಬರಿಗೆ ಗೊತ್ತಿಲ್ಲದ ಸರಣಿಯನ್ನು ಇನ್ನೊಬ್ಬರು ಓದಲು ಕೊಡಬೇಕು, ಮೊದಲ ಮೂರು ಪುಸ್ತಕ ಮಾತ್ರ. ಮೂರನ್ನೂ ಓದದೆ ಹಳಿಯುವ ಹಾಗಿಲ್ಲ. ನಾಲ್ಕನೆಯದು ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಕೇಳುವಾಗ ‘ನಿಮ್ಮದು ಚೆನ್ನಾಗಿದೆ, ಮುಂದಿನದು ಕೊಡಿ’ ಎಂದು ಪೂರ್ತಿ ಹೇಳಬೇಕು.

ಹದಿನೈದು ವರ್ಷ ನಾವಿಬ್ಬರೂ ಕೇಳಲಿಲ್ಲ. ನಾನು ಕಳಿಸಿದ್ದು ವಾಪಸು ಬರುವಾಗ ಒಳಗೊಂದು ಚೀಟಿ ಇರುತ್ತಿತ್ತು. ‘ಬಣ್ಣ ಜಾಸ್ತಿ, ಬುದ್ಧಿ ಕಮ್ಮಿ.’ ‘ಮೂರು ಪುಸ್ತಕದಲ್ಲಿ ಒಬ್ಬನೂ ಊಟ ಮಾಡಿಲ್ಲ.’ ನಾನು ಅವರದನ್ನು ಹಿಂತಿರುಗಿಸುವಾಗ ‘ಓದಿದೆ. ಧನ್ಯವಾದಗಳು’ ಎಂದಷ್ಟೇ ಬರೆಯುತ್ತಿದ್ದೆ. ಅದು ಅವರನ್ನು ಎಷ್ಟು ಚುಚ್ಚುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆಯುತ್ತಿದ್ದೆ.

ಹೋದ ವರ್ಷ ಅವರು ನೀರಗಂಟಿಯ ಸರಣಿ ಕಳಿಸಿದರು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಒಬ್ಬ ಹೆಂಗಸು, ಊರಿನ ಕಳ್ಳತನಗಳನ್ನು ಪತ್ತೆ ಹಚ್ಚುವ ಕಥೆ. ಎರಡೇ ಬಣ್ಣದ ಅಚ್ಚು, ಕೆಂಪು ಮತ್ತು ನೀಲಿ. ಅಚ್ಚು ಸರಿಯಾಗಿ ಕೂರದೆ ಅವಳ ತುಟಿಯ ಕೆಂಪು ಕೆನ್ನೆಯ ಮೇಲೆ ಸರಿದಿತ್ತು. ಮೊದಲು ನಗು ಬಂತು. ಎರಡನೆಯ ಪುಸ್ತಕದ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿತು. ಮೂರನೆಯದರ ಕೊನೆಯಲ್ಲಿ, ಬತ್ತಿದ ಕೆರೆಯ ಕೆಸರಿನಲ್ಲಿ ಅವಳಿಗೆ ಒಂದು ಚಪ್ಪಲಿ ಸಿಗುತ್ತದೆ. ಏಳು ವರ್ಷದ ಹಿಂದೆ ಮನೆ ಬಿಟ್ಟುಹೋದ ಗಂಡನದು. ಅಲ್ಲಿಗೆ ಪುಸ್ತಕ ಮುಗಿಯಿತು.

ನನಗೆ ನಾಲ್ಕನೆಯದು ಬೇಕಾಯಿತು. ಶಿವಮೊಗ್ಗದ ಹಳೆ ಪುಸ್ತಕದವರನ್ನು ಕೇಳಿದೆ, ಫೋನಿನಲ್ಲಿ ಹುಡುಕಿದೆ. ಆ ಸರಣಿಯ ಹೆಸರು ಕೇಳಿದವರೇ ಇಲ್ಲ. ಅದು ಇದ್ದದ್ದು ಸೊರಬದ ಆ ಟ್ರಂಕಿನಲ್ಲಿ ಮಾತ್ರ.

ಕೇಳಿದರೆ ಮುಗಿಯುತ್ತಿತ್ತು. ಆದರೆ ನಾನು ಬೇರೆ ದಾರಿ ಯೋಚಿಸಿದೆ. ಅವರೇ ಮೊದಲು ನನ್ನ ನಾಲ್ಕನೆಯದನ್ನು ಕೇಳುವ ಹಾಗೆ ಮಾಡಿದರೆ, ಆಮೇಲೆ ನಾನು ಕೇಳುವುದರಲ್ಲಿ ಅವಮಾನವಿರುವುದಿಲ್ಲ. ಹಾಗಾಗಿ ನನ್ನಲ್ಲಿದ್ದ ಅತ್ಯುತ್ತಮವಾದದ್ದನ್ನು ಆರಿಸಿದೆ. ಅದೊಂದು ಜಪಾನೀ ಸರಣಿ, ಇಂಗ್ಲಿಷಿನಲ್ಲಿ. ಊರಿನ ಸೇತುವೆಯ ಮೇಲೆ ಪರಿಚಯವಾದ ಇಬ್ಬರು ಮಕ್ಕಳು ದೊಡ್ಡವರಾಗಿ ಮದುವೆಯಾಗುತ್ತಾರೆ. ಮೊದಲ ಸಂಪುಟ ಮುಗಿಯುವಾಗ ಹೆಂಡತಿ ತೀರಿಕೊಳ್ಳುತ್ತಾಳೆ. ಅವರ ದೇಶದ ಪುಸ್ತಕಗಳನ್ನು ಬಲಗಡೆಯಿಂದ ಎಡಕ್ಕೆ ಓದಬೇಕು. ನಮ್ಮ ರೂಢಿಯಲ್ಲಿ ತೆರೆದರೆ ಸಿಗುವುದು ಕೊನೆಯ ಪುಟ. ಅಲ್ಲಿ ‘ನಿಲ್ಲಿ, ಇದು ಪುಸ್ತಕದ ಕೊನೆ’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಯೇ ಇರುತ್ತಾರೆ.

ಮೂರಕ್ಕೂ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ, ಬಿಳಿ ಬದಿ ಹೊರಗೆ ಬರುವಂತೆ ಬೈಂಡು ಹಾಕಿದೆ. ಒಳಕ್ಕೆ ಮಡಿಸಿದ ಪಟ್ಟಿಯನ್ನು ಅಂಟಿಸುವಾಗ ಆ ಸೂಚನೆ ಅದರಡಿ ಮುಚ್ಚಿಹೋಯಿತು. ಲೇಬಲ್ಲನ್ನೂ ನಮ್ಮ ಪುಸ್ತಕಗಳಿಗೆ ಅಂಟಿಸುವ ಬದಿಗೇ ಅಂಟಿಸಿದೆ. ಕೈ ರೂಢಿ ಎನ್ನಬಹುದಿತ್ತು. ಆದರೆ ಅಂಟು ಒಣಗುವ ಮೊದಲೇ ನನಗೆ ಗೊತ್ತಾಗಿತ್ತು.

ಅವತ್ತು ಬೆಳಗ್ಗೆ ತಾನೇ ಹಿಂದಿನ ಕಂತಿನ ಚೀಟಿ ಬಂದಿತ್ತು: ‘ಅಕ್ಷರ ಕಲಿಯೋರಿಗೆ ಒಳ್ಳೇದು.’ ಅವರು ಮೆಚ್ಚಬೇಕು ಅನ್ನುವುದಕ್ಕಿಂತ ಅವರು ಎಡವಬೇಕು ಅನ್ನುವುದು ಆ ಗಳಿಗೆಯಲ್ಲಿ ದೊಡ್ಡದಾಯಿತು. ಪಟ್ಟಿಯನ್ನು ಕೀಳಲಿಲ್ಲ. ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದೆ.

ಬೇಸಿಗೆಯಲ್ಲಿ ಹಪ್ಪಳಕ್ಕೆ ಎಲ್ಲರೂ ಶಿಕಾರಿಪುರದಲ್ಲಿ ಸೇರುವುದು ರೂಢಿ. ತಾರಸಿಯ ಮೇಲೆ ಹಳೆ ಸೀರೆ ಹಾಸಿ ಏಳೆಂಟು ಹೆಂಗಸರು ಕೂತಿದ್ದೆವು. ವಾರಗಿತ್ತಿಯ ಮಗಳು, ಕಾಲೇಜು ಹುಡುಗಿ, ಲಟ್ಟಿಸಿದ್ದನ್ನು ಒಯ್ದು ಬಿಸಿಲಿಗೆ ಹಾಕುತ್ತಿದ್ದಳು.

‘ಕಾನ್ವೆಂಟಮ್ಮ ಈ ಸಲ ಒಂದು ಪುಸ್ತಕ ಕಳ್ಸಿದಾಳೆ ನೋಡಿ’ ಎಂದು ವಾರಗಿತ್ತಿ ಶುರು ಮಾಡಿದರು. ದನಿಯಲ್ಲಿ ಎಂದಿನ ಮೊನೆ ಇರಲಿಲ್ಲ. ‘ಮೊದ್ಲನೇದು ಓದಿ ಮುಗ್ಸಿದೆ. ಡಿಕ್ಷನರಿ ಇಟ್ಕೊಂಡು ಓದಿದೀನಿ. ಒಬ್ಬ ಗಂಡಸು ಹೆಂಡ್ತಿ ಸಮಾಧಿ ಹತ್ರ ನಿಂತಿರ್ತಾನೆ. ಅಲ್ಲಿಂದ ಶುರು. ಆಮೇಲೆ ಅವಳು ಹಾಸಿಗೆಯಿಂದ ಎದ್ದು ಕೂರ್ತಾಳೆ, ಗೆಲುವಾಗ್ತಾಳೆ, ಮದುವೆ ಆಗುತ್ತೆ. ಇಬ್ರೂ ಚಿಕ್ಕೋರಾಗ್ತಾ ಆಗ್ತಾ ಹೋಗ್ತಾರೆ. ಕೊನೇಲಿ ಸಣ್ಣ ಮಕ್ಕಳು. ಸೇತುವೆ ಮೇಲೆ ಎದುರಾಗ್ತಾರೆ, ಒಬ್ರಿಗೊಬ್ರು ಗುರ್ತೇ ಇಲ್ಲ. ಅವನು ಆಚೆ ಹೋಗ್ತಾನೆ, ಅವಳು ಈಚೆ. ಅಷ್ಟೇ. ನಂಗೆ ಎರಡು ದಿನ ಊಟ ಸೇರ್ಲಿಲ್ಲ ಮಾರಾಯ್ತಿ.’

ಅತ್ತೆಯವರು ಲಟ್ಟಣಿಗೆ ನಿಲ್ಲಿಸಿ, ‘ಪಾಪ’ ಅಂದರು.

‘ಮಾತು ಮಾತ್ರ ಸ್ವಲ್ಪ ಹಿಂದುಮುಂದು. ಉತ್ತರ ಮೊದ್ಲು ಹೇಳಿ ಆಮೇಲೆ ಪ್ರಶ್ನೆ ಕೇಳ್ತಾರೆ. ಅವ್ರ ದೇಶದ ಪದ್ಧತಿ ಇರ್ಬೇಕು ಅಂದ್ಕೊಂಡೆ.’ ಅವರು ನನ್ನ ಕಡೆ ತಿರುಗಿದರು. ‘ಮೂರೂ ಮುಗೀಲಿ. ಈ ಸಲ ಕೇಳಿದ್ರೂ ಕೇಳ್ದೆ.’

ನಾನು ಬಯಸಿದ್ದೇ ಅವರ ಬಾಯಿಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ಮಗಳು ಹಪ್ಪಳದ ತಟ್ಟೆ ಹಿಡಿದು ನಿಂತಳು.

‘ಅಮ್ಮ, ಜಪಾನಿದಾ? ಅದನ್ನ ಬಲಗಡೆಯಿಂದ ಓದೋದು. ನೀನು ಇಡೀ ಪುಸ್ತಕ ಉಲ್ಟಾ ಓದಿದೀಯ.’

‘ಎಂತ ಉಲ್ಟಾ?’

ಪುಸ್ತಕ ಅವರ ಚೀಲದಲ್ಲೇ ಇತ್ತು. ಮಗಳು ಕೈ ಒರೆಸಿಕೊಂಡು ತೆಗೆದಳು, ಕ್ಯಾಲೆಂಡರ್ ಹಾಳೆಯ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದಳು, ಸೂಚನೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯವರಂತೂ, ‘ಸತ್ತೋಳನ್ನ ಎಬ್ಬಿಸಿ ಮದ್ವಿ ಮಾಡಿಬಿಟ್ರಲ್ರೀ’ ಎಂದು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು.

ವಾರಗಿತ್ತಿ ನಗಲಿಲ್ಲ. ಎದ್ದುಬಂದ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿದರು.

‘ಬೈಂಡು ಯಾರು ಹಾಕಿದ್ದು?’

‘ನಾನೇ ಅಕ್ಕ.’

‘ಅಂಟು ಚೆನ್ನಾಗಿ ಹಿಡಿದದೆ.’

ಮತ್ತೆ ಲಟ್ಟಣಿಗೆ ಹಿಡಿದರು. ಅವರು ಲಟ್ಟಿಸಿದ ಹಪ್ಪಳಗಳೆಲ್ಲ ಒಂದೇ ಅಳತೆ, ಅಂಚು ಎಲ್ಲೂ ಸೀಳಿರಲಿಲ್ಲ. ನನ್ನವು ಎಲ್ಲ ಕಡೆ ಸೀಳಿದ್ದವು. ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು: ಅವರು ಉಲ್ಟಾ ಓದಿದ ಕಥೆ, ಬರೆದವನ ಕಥೆಗಿಂತ ಚೆನ್ನಾಗಿತ್ತು. ಅದನ್ನು ಅವರಿಗೆ ಹೇಳಿಲ್ಲ.

ಎರಡು ತಿಂಗಳು ಸೊರಬದಿಂದ ಏನೂ ಬರಲಿಲ್ಲ. ಆಷಾಢದಲ್ಲಿ ಒಂದು ಕಟ್ಟು ಬಂತು. ನೀರಗಂಟಿಯ ನಾಲ್ಕನೆಯ ಪುಸ್ತಕ, ಕ್ಯಾಲೆಂಡರ್ ಹಾಳೆಯ ಬೈಂಡು, ನನ್ನದೇ ರೀತಿಯ ಲೇಬಲ್. ಒಳಗೆ ಚೀಟಿ: ‘ಕೇಳದೇನೇ ಕಳಿಸಿದೀನಿ. ಓದು.’

ನಿಂತಲ್ಲೇ ಓದಿದೆ. ಅವಳು ಚಪ್ಪಲಿಯ ಜಾಡು ಹಿಡಿದು ಕೆರೆಯ ಆಚೆ ದಂಡೆಯ ಊರಿಗೆ ಹೋಗುತ್ತಾಳೆ. ಗಂಡ ಅಲ್ಲಿ ಕಟ್ಟೆಯ ಮೇಲೆ ಇನ್ಯಾರದೋ ಮಗುವನ್ನು ಆಡಿಸುತ್ತ ಕೂತಿರುತ್ತಾನೆ. ಅವಳು ಮರದ ಹಿಂದೆ ನಿಂತು ನೋಡುತ್ತಾಳೆ. ಕರೆಯುವುದಿಲ್ಲ. ಮನೆಗೆ ಬಂದು ತೂಬಿನ ಕೀಲಿಯನ್ನು ಮೊಳೆಗೆ ತೂಗುಹಾಕುತ್ತಾಳೆ. ಮುಂದಿನ ಪುಟ ಕಾಣದ ಹಾಗೆ ಆ ಹಾಳೆ ಹಿಂದಿನ ರಟ್ಟಿಗೆ ಅಂಟಿಹೋಗಿತ್ತು. ಮೈದಾ ಅಂಟು, ಮೂರು ಅಂಚಿಗೂ ಸಣ್ಣ ಕಡ್ಡಿಯಿಂದ ಎಳೆದ ಹಾಗೆ ಸಣ್ಣಗೆ.

ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಹೆಂಗಸಿನ ಆಕಾರ ಕಂಡಿತು, ಉದ್ದ ಜಡೆ. ಅವಳು ತಿರುಗಿ ಹೋದಳೇ, ಅವನೇ ಬಂದನೇ? ಕುದಿಯುವ ನೀರಿನ ಹಬೆಗೆ ಹಿಡಿಯಲು ಹೋಗಿ, ಕೆಂಪು ಬಣ್ಣ ಕದಡಿದರೆ ಎಂದು ಹಿಂದೆಗೆದೆ. ‘ಹರಿದು ನೋಡು, ಅದಕ್ಯಾಕೆ ಇಷ್ಟು’ ಎಂದರು ನನ್ನವರು. ಜಗತ್ತಿನಲ್ಲಿ ಉಳಿದಿರುವ ಒಂದೇ ಪ್ರತಿಯನ್ನು ಹರಿಯುವಷ್ಟು ನಾನು ಕೆಟ್ಟಿರಲಿಲ್ಲ. ಅದು ವಾರಗಿತ್ತಿಗೂ ಗೊತ್ತಿತ್ತು. ಫೋನು ಮಾಡಿದೆ.

‘ಅಕ್ಕ, ಕೊನೇ ಹಾಳೆ ಅಂಟ್ಕೊಂಡಿದೆ.’

‘ಹೌದಾ? ಹಿಂದಿಂದ ಓದಿ ನೋಡು.’

‘ಬಿಡಿಸಿಕೊಡಿ ಅಕ್ಕ.’

‘ಶ್ರಾವಣ ಸೋಮವಾರ ಊಟಕ್ಕೆ ಬರ್ತೀರಲ್ಲ, ಆಗ ಕೇಳು. ಹಪ್ಪಳದ ದಿನ ಇದ್ದೋರನ್ನೆಲ್ಲ ಕರ್ದಿದೀನಿ. ಕೇಳೋ ರೀತಿ ಗೊತ್ತಲ್ಲ.’

ಸೋಮವಾರ ಊಟವಾಗಿ, ಅದೇ ಹೆಂಗಸರು ಎಲೆಅಡಿಕೆಯ ತಟ್ಟೆಯ ಸುತ್ತ ಕೂತಿದ್ದರು. ನಾನು ಪುಸ್ತಕವನ್ನು ಮುಂದಿಟ್ಟು, ‘ನಿಮ್ಮದು ಚೆನ್ನಾಗಿದೆ, ಮುಂದಿನದು ಕೊಡಿ’ ಅಂದೆ.

‘ಮಿಕ್ಸಿ ಸದ್ದಿಗೆ ಕೇಳಿಸ್ಲಿಲ್ಲ.’

ಮಿಕ್ಸಿ ನಿಂತು ಬಹಳ ಹೊತ್ತಾಗಿತ್ತು. ಮತ್ತೊಮ್ಮೆ ಹೇಳಿದೆ. ಅತ್ತೆಯವರು, ‘ಒಂದು ಪುಸ್ತಕಕ್ಕ ಎಷ್ಟು ಆಡಸ್ತೀಯವ್ವ ಅಕೀನ, ಕೊಟ್ಟು ಮುಗಸು’ ಅಂದರು.

ವಾರಗಿತ್ತಿ ಒದ್ದೆ ಬಟ್ಟೆಯನ್ನೂ ಒಂದು ಸ್ಟೀಲ್ ಸ್ಕೇಲನ್ನೂ ಮೊದಲೇ ತಂದಿಟ್ಟುಕೊಂಡಿದ್ದರು. ಅಂಚನ್ನು ನೆನೆಸಿ, ಸ್ಕೇಲು ತೂರಿಸಿ, ಅವಸರವಿಲ್ಲದೆ ಬಿಡಿಸಿದರು. ಹಾಳೆ ಎಲ್ಲೂ ಹರಿಯಲಿಲ್ಲ. ಅಡಿಯಲ್ಲಿ ಕೇಶತೈಲದ ಜಾಹೀರಾತು ಇತ್ತು. ಮೊಣಕಾಲಿನವರೆಗೆ ಜಡೆ ಬಿಟ್ಟ ಒಬ್ಬ ಹೆಂಗಸು, ತುಟಿಯ ಕೆಂಪು ಕೆನ್ನೆಯ ಮೇಲೆ.

‘ಕಥೆ ಹಿಂದಿನ ಪುಟದಲ್ಲೇ ಮುಗಿದದೆ ಕಾನ್ವೆಂಟಮ್ಮ. ಕೀಲಿ ಮೊಳೆಗೆ ಹಾಕಿದ್ಲಲ್ಲ, ಅಷ್ಟೇ. ನಾನು ಉಲ್ಟಾ ಓದಿದ್ರೂ ಕೊನೆ ಯಾವ್ದು ಅಂತ ಗೊತ್ತಾಗಿತ್ತು ನಂಗೆ.’

ಈ ಸಲ ನಗು ನನ್ನ ಮೇಲೆ ಬಿತ್ತು. ನಾನೂ ಸೌಜನ್ಯಕ್ಕೆ ಸ್ವಲ್ಪ ನಕ್ಕು, ‘ಐದನೇದು?’ ಎಂದು ಕೇಳಿದೆ.

‘ಮುಂದಿನ ಶ್ರಾವಣಕ್ಕೆ ಬಾ.’

ಚೀಲ ತರಲು ಅವರ ಕೋಣೆಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಜಪಾನೀ ಸರಣಿ ಸಾಲಾಗಿತ್ತು. ನನ್ನ ಕ್ಯಾಲೆಂಡರ್ ಹಾಳೆ ಕಿತ್ತು, ಖಾಕಿ ಕಾಗದದ ಬೈಂಡು ಹಾಕಿ, ಲೇಬಲ್ಲನ್ನು ಸರಿಯಾದ ಬದಿಗೆ ಅಂಟಿಸಿದ್ದರು. ಎಣಿಸಿದೆ. ನಾಲ್ಕು ಇದ್ದವು. ನಾನು ಕಳಿಸಿದ್ದು ಮೂರು. ನನ್ನ ನಾಲ್ಕನೆಯದು ಶಿಕಾರಿಪುರದ ಕಪಾಟಿನಲ್ಲಿದೆ. ಕಿಟಕಿಯಲ್ಲಿದ್ದ ನಾಲ್ಕನೆಯದರ ನಡುವೆ ಅವರ ಕನ್ನಡಕ ಸಿಕ್ಕಿಸಿತ್ತು, ಬಲಗಡೆಯಿಂದ ಅರ್ಧದಷ್ಟು ದೂರದಲ್ಲಿ. ಮಂಚದ ಕೆಳಗೆ ಆನ್‌ಲೈನಿನಲ್ಲಿ ತರಿಸಿದ ಡಬ್ಬಿ, ಮೇಲೆ ಅವರದೇ ವಿಳಾಸ.

ಹಿಂದೆ ಬಾಗಿಲ ಹತ್ತಿರ ಬಳೆಯ ಸದ್ದಾಯಿತು.

‘ಚೀಲ ಸಿಕ್ತಾ?’

‘ಸಿಕ್ತು ಅಕ್ಕ.’

ನನ್ನ ಕಣ್ಣು ಎಲ್ಲಿತ್ತು ಅನ್ನುವುದನ್ನು ಅವರು ನೋಡಿದರು. ನಡುಮನೆಗೆ ಹೋಗಿ ಎಲ್ಲರ ಮುಂದೆ ಹೇಳಬಹುದಿತ್ತು. ಆದರೆ ಏನೆಂದು ಹೇಳಲಿ? ಕೇಳಿ ಪಡೆಯಬೇಕು ಅನ್ನುವುದು ನಿಯಮ. ಕೊಂಡುಕೊಳ್ಳಬಾರದು ಎಂದು ಆನವಟ್ಟಿಯ ಹುಡುಗಿಯರು ಯಾರೂ ಹೇಳಿರಲಿಲ್ಲ. ನನಗೆ ಆ ದಾರಿ ಇರಲಿಲ್ಲ. ಅವರ ಪುಸ್ತಕ ಎಲ್ಲೂ ಸಿಗುವುದಿಲ್ಲ, ನನ್ನದು ಎಲ್ಲರಿಗೂ ಸಿಗುತ್ತದೆ.

ಮನೆಗೆ ಬಂದು ಕಪಾಟು ತೆಗೆದೆ. ಅವರು ಕೇಳಿಯೇ ಕೇಳುತ್ತಾರೆ ಎಂದು ನನ್ನ ನಾಲ್ಕನೆಯ ಸಂಪುಟಕ್ಕೆ ಹೊಸ ಬೈಂಡು ಹಾಕಿ, ಸೂಚನೆ ಕಾಣುವ ಹಾಗೆ ಪಟ್ಟಿಯನ್ನು ಮೋಟಾಗಿ ಕತ್ತರಿಸಿ, ಲೇಬಲ್ಲಿನ ಮೇಲೆ ಅವರ ಹೆಸರನ್ನೂ ಬರೆದಿಟ್ಟಿದ್ದೆ. ಲೇಬಲ್ಲನ್ನು ಕಿತ್ತೆ. ಅದು ಸರಾಗವಾಗಿ ಬರಲಿಲ್ಲ. ಹೆಸರಿನ ಅರ್ಧ ಪುಸ್ತಕದ ಮೇಲೆಯೇ ಉಳಿಯಿತು.