ಫ್ರೀವೇ ಪಕ್ಕದ ಛತ್ರ

ಅಡುಗೆಮನೆಯ ಶೆಲ್ಫು ಒರೆಸಲೆಂದು ಡಬ್ಬಗಳನ್ನು ಇಳಿಸಿದಾಗ ಅಡಿಯಲ್ಲಿ ಹಾಸಿದ್ದ ಕಾಗದ ಕೈಗೆ ಬಂತು. ಹಳೆಯ ರೋಡ್ ಮ್ಯಾಪು. ಕ್ಯಾಲಿಫೋರ್ನಿಯಾ ಪೂರ್ತಿ ಇಂಗಿನ ವಾಸನೆ! ನಗು ಬಂತು ನೋಡಿ.

ಎಂಬತ್ತರ ದಶಕದ ಮಾತು. ನಾವಾಗ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಅಲ್ಲಿಯವರೆಗೆ ಅವರು ಕಣ್ತುಂಬ ನೋಡಿದ್ದೆಂದರೆ ಕಿಟಕಿಯಾಚೆಯ ಪಾರ್ಕಿಂಗ್ ಲಾಟು. ಹೊರಗಿನ ಊಟ ಮುಟ್ಟರು. ಮೋಟೆಲು ಎಂದರೆ, "ಯಾರ್ಯಾರೋ ಮಲಗಿದ ಹಾಸಿಗೆ," ಎಂದು ಮುಖ ಸಿಂಡರಿಸುವರು. ಇದ್ದದ್ದು ಒಂದೇ ಆಸೆ: ಕ್ಯಾಲೆಂಡರಿನಲ್ಲಿ ಕಂಡ, ಹೊಟ್ಟೆಯೊಳಗೆ ಕಾರು ತೂರಿಹೋಗುವ ರೆಡ್‌ವುಡ್ ಮರ. "ಅಂಥ ಮರಕ್ಕೆ ಒಂದು ಪ್ರದಕ್ಷಿಣೆ ಹಾಕ್ಬೇಕು ಕಣೇ," ಎನ್ನುತ್ತಿದ್ದರು. ಇಷ್ಟು ದೂರ ಮತ್ತೆ ಬರುವ ವಯಸ್ಸಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ನಮ್ಮನೆಯವರಿಗೆ ಆಫೀಸು ಬಿಟ್ಟರೆ ಮೀಟಿಂಗು. ದಾರಿ ಹುಡುಕುವ ಕೆಲಸ ನನಗೆ ಬಂತು. ಕಾರು ಓಡಿಸಲು ಬಾರದ ನಾನು, ಹುಳಿ ಕುದಿಯುವಷ್ಟರಲ್ಲಿ ಮ್ಯಾಪಿನ ಮೇಲೆ ಬೆರಳಿಟ್ಟು ಊರೂರು ಸುತ್ತಿ ಬರುತ್ತಿದ್ದೆ. ಸಾನ್, ಸಾಂಟಾ ಎಂದು ಎಲ್ಲೆಲ್ಲೂ ಸಂತರ ಹೆಸರುಗಳೇ. ದೇವರಿಗೆ ಹತ್ತಿರದವರ ಸೀಮೆ ಎಂದು ಧೈರ್ಯವಾಯಿತು. ಹಾಗೆ ಸುತ್ತುವಾಗಲೇ ಫ್ರೀವೇ ಎನ್ನುವ ಹೆದ್ದಾರಿಯ ಪಕ್ಕ ಒಂದು ಗುರುತು ಕಂಡಿತು: ರೆಸ್ಟ್ ಏರಿಯಾ. ದಾರಿಹೋಕರು ದಣಿವಾರಿಸಿಕೊಳ್ಳುವ ಜಾಗವೆಂದರೆ ಇನ್ನೇನು?

"ಅತ್ತೆ, ಇಲ್ಲೂ ಛತ್ರ ಕಟ್ಸಿದ್ದಾರೆ!"

"ಪುಣ್ಯಾತ್ಮರು. ಒಲೆ ಇರುತ್ತಾ?"

"ಇಲ್ದೆ ಏನು?" ಎಂದುಬಿಟ್ಟೆ. ನೋಡಿದವಳ ಹಾಗೆ!

ಹೊರಡುವ ಮುನ್ನಾ ದಿನ ಅತ್ತೆ ಚಾಪೆ ಸುತ್ತುತ್ತಿದ್ದರು. ರಾತ್ರಿ ಎಲ್ಲಿ ತಂಗುವುದೆಂದು ಶಾಲೆಯಿಂದ ಬಂದ ನಮ್ಮ ಮಗಳಿಗೆ ಮ್ಯಾಪಿನಲ್ಲಿ ಹೆಮ್ಮೆಯಿಂದ ತೋರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಅಮ್ಮಾ, ದಟ್ಸ್ ಜಸ್ಟ್ ಎ ಬಾತ್‌ರೂಮ್!"

ನಮ್ಮನೆಯವರು ಬಗ್ಗಿ ನೋಡಿದರು. "ಅಮ್ಮನ್ನ ಕಕ್ಕಸು ಮನೆ ಮುಂದೆ ಮಲಗಿಸ್ತಿದ್ಯಾ? ಸಾಕು ಮಾರಾಯ್ತಿ. ಟ್ರಿಪ್ಪು ಕ್ಯಾನ್ಸಲ್."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅತ್ತೆ ಚಾಪೆಯನ್ನು ಕೆಳಗಿಡಲಿಲ್ಲ.

"ನಲ್ಲಿ ಇದ್ಯೇನೋ ಅಲ್ಲಿ?"

"ಇದೆ."

"ನೆರಳು?"

"ಮರ ಇದೆ, ಮೇಜಿದೆ. ಆದ್ರೆ ಅಮ್ಮಾ..."

"ಛತ್ರಕ್ಕೆ ಇನ್ನೇನೋ ಬೇಕು? ಊಟ ಅಲ್ಲಿ. ರಾತ್ರಿ ನಿನ್ನ ಮೋಟೆಲಲ್ಲಿ ಕೆಳಗೆ ಚಾಪೆ ಹಾಕ್ಕೋತೀನಿ. ಪಾಪ, ಅವಳನ್ನ ಬೈಬೇಡ."

ಹೊರಟೆವು. ಮಧ್ಯಾಹ್ನ ಓಕ್ ಮರದಡಿ ಮೊಸರನ್ನದ ಡಬ್ಬಿ ಬಿಚ್ಚಿದಾಗ, ಪಕ್ಕದ ಮೇಜಿನಲ್ಲಿ ಟ್ರಕ್ ಡ್ರೈವರೊಬ್ಬ ಒಂಟಿಯಾಗಿ ಬ್ರೆಡ್ಡು ತಿನ್ನುತ್ತಿದ್ದ. ಅತ್ತೆ ಅವನಿಗೂ ಒಂದು ತಟ್ಟೆಗೆ ಅನ್ನ ಹಾಕಿದರು.

"ಅಮ್ಮಾ, ಅವರೆಲ್ಲ ಇದು ತಿನ್ನಲ್ಲ," ಎಂದರು ಮಗರಾಯರು.

"ಕೇಳಿದ್ಯಾ ನೀನು? ಛತ್ರದಲ್ಲಿ ಪಕ್ಕದ ಎಲೆ ಖಾಲಿ ಬಿಟ್ಟು ಉಣ್ಣಕ್ಕಾಗುತ್ತಾ?"

ಆತ ತಿಂದ. ಮೆಣಸಿನಕಾಯಿಗೆ ಕಣ್ಣೊರೆಸಿಕೊಂಡು, ಅತ್ತೆಯ ಕೈಗೊಂದು ಕಿತ್ತಳೆ ಇಟ್ಟ. ಹೊರಗಿನದೇನೂ ಮುಟ್ಟದ ಅತ್ತೆ, "ಹಣ್ಣಿಗೆಂಥಾ ಮಡಿ?" ಎಂದು ಅಲ್ಲೇ ಸುಲಿದರು.

ಮರವನ್ನೂ ನೋಡಿದೆವು, ಪ್ರದಕ್ಷಿಣೆಯೂ ಆಯಿತು. ಆದರೆ ಊರಿನಲ್ಲಿ ಅತ್ತೆ ಕೊನೆಯವರೆಗೂ ಹೇಳುತ್ತಿದ್ದುದು ಅಮೆರಿಕದ ಛತ್ರದ ಕಥೆ.

ಈಗಲೂ ಫ್ರೀವೇಯಲ್ಲಿ ರೆಸ್ಟ್ ಏರಿಯಾದ ನೀಲಿ ಬೋರ್ಡು ಕಂಡರೆ, ಅಗತ್ಯವಿರಲಿ ಬಿಡಲಿ, ನಿಲ್ಲಿಸಿ ಎನ್ನುತ್ತೇನೆ. ಡಬ್ಬಿಯಲ್ಲಿ ಯಾವಾಗಲೂ ಒಬ್ಬರಿಗಾಗುವಷ್ಟು ಹೆಚ್ಚಿಗೆ ಇರುತ್ತದೆ.