ಚಿಗವ್ವನ ಹಲ್ಲಿನ ಹುಳ

ಡೆಂಟಲ್ ಕಾಲೇಜಿನ ಕೊನೆಯ ಪರೀಕ್ಷೆಗೆ ಪೇಶಂಟನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ಪುಸ್ತಕವೆಲ್ಲ ಬಾಯಿಪಾಠವಿರಲಿ, ಆ ದಿನ ಪೇಶಂಟ್ ಕೈಕೊಟ್ಟರೆ ಫೇಲು. ಹಾಗಾಗಿ ಆ ವರ್ಷ ನಾನು ಯಾರ ಮುಖವನ್ನೂ ನೋಡಲಿಲ್ಲ, ಬರೀ ಹಲ್ಲು ನೋಡಿದೆ. ನಮ್ಮ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಅಪ್ಪನ ಜೊತೆ ಪೇಪರ್ ಮಿಲ್ಲಿನಲ್ಲಿ ಶಿಫ್ಟ್ ಮಾಡುವವರು ಚಹಾಕ್ಕೆ ಬಂದರೆ ಬಗ್ಗಿ ಬಗ್ಗಿ ಅವರ ಬಾಯಿಯೊಳಗೆ ಇಣುಕುತ್ತಿದ್ದೆ. ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೊನೆಗೆ ಸಿಕ್ಕವಳು ಚಿಗವ್ವ, ಅವ್ವನ ತಂಗಿ. ಮುಂಡಗೋಡದ ಕಡೆ ಇಂದೂರಿನಲ್ಲಿ ಹೊಲ ಮಾಡಿಕೊಂಡಿದ್ದಳು. ಅವಳ ಮೇಲಿನ ಕೋರೆಹಲ್ಲು ವರ್ಷಗಳಿಂದ ಕಾಡುತ್ತಿತ್ತು. ಅದರಲ್ಲಿ ಹುಳ ಸೇರಿದೆಯೆಂದು ಅವಳ ಗಟ್ಟಿ ನಂಬಿಕೆ. ಊರೂರು ತಿರುಗುವವನೊಬ್ಬ ಕೆಂಡದ ಮೇಲೆ ಏನೋ ಬೀಜ ಹಾಕಿ, ಕೊಳವೆಯಿಂದ ಬಾಯಿಗೆ ಹೊಗೆ ಹಿಡಿಸಿ, ಪ್ರತಿ ಸಲವೂ ನೀರಿನ ಬಟ್ಟಲಲ್ಲಿ ಹುಳ ತೋರಿಸಿ ಹೋಗಿದ್ದ. ನೋವು ಮಾತ್ರ ಹೋಗಿರಲಿಲ್ಲ. ನನಗೋ ಆ ಹಲ್ಲು ನೋಡಿ ಕುಣಿಯುವಷ್ಟು ಖುಷಿ. ಒಂದೇ ಬೇರು, ಅದೂ ನೆಟ್ಟಗೆ! ರೂಟ್ ಕೆನಾಲ್ ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು.

ಅದೇ ವರ್ಷ ಕಾಲೇಜಿಗೆ ಕಂಪ್ಯೂಟರ್ ಎಕ್ಸ್‌ರೇ ಬಂದಿತ್ತು. ಅಲ್ಲಿಯತನಕ ಕತ್ತಲೆ ಕೋಣೆಯಲ್ಲಿ ಫಿಲ್ಮ್ ಅದ್ದಿ, ತೊಳೆದು, ಕ್ಲಿಪ್ಪಿಗೆ ನೇತುಹಾಕಿ ಒಣಗಿಸುತ್ತಿದ್ದೆವು. ಪೇಶಂಟಿಗೆ ಅದನ್ನು ತೋರಿಸುವ ರೂಢಿಯೇ ಇರಲಿಲ್ಲ. ಈಗ ವೈರಿನ ತುದಿಗಿದ್ದ ಬಿಲ್ಲೆಯನ್ನು ಬಾಯಲ್ಲಿಟ್ಟರೆ ಸಾಕು, ಎರಡೇ ಗಳಿಗೆಯಲ್ಲಿ ಹಲ್ಲು ಕುಂಬಳಕಾಯಿಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬರುತ್ತಿತ್ತು. ಅದನ್ನು ಮುಟ್ಟಲು ನಮ್ಮಲ್ಲಿ ಪಾಳಿ, ಪಾಳಿಗಾಗಿ ಜಗಳ.

ಪರೀಕ್ಷೆಗೆ ಮೊದಲೇ ಒಂದು ದಿನ ಚಿಗವ್ವನನ್ನು ಕಾಲೇಜಿಗೆ ಕರೆಸಿ, ಬೇರಿನ ಉದ್ದ ಅಳೆಯಲು ತೆಳ್ಳನೆಯ ಸೂಜಿ ಇಳಿಸಿ ಚಿತ್ರ ತೆಗೆದೆ. ಬೇರಿನ ನಡುವೆ ಬೆಳ್ಳಗೆ ಒಂದು ಗೆರೆ ಮೂಡಿತು. ಬಾಯಲ್ಲಿ ಸೂಜಿ ಇದ್ದಂತೆಯೇ ಅವಳು ಪರದೆಯತ್ತ ಬೆರಳು ಮಾಡಿ ಹೂಂ ಹೂಂ ಎಂದು ಗದ್ದಲವೆಬ್ಬಿಸಿದಳು. ಸೂಜಿ ತೆಗೆದು, ಒಳಗೆಲ್ಲ ಶುಚಿ ಮಾಡಿ ಮತ್ತೊಂದು ಚಿತ್ರ ತೆಗೆದಾಗ ಗೆರೆ ಇರಲಿಲ್ಲ. ಚಿಗವ್ವ ನನ್ನ ಕೆನ್ನೆ ಸವರಿ ಲಟಲಟ ನೆಟಿಗೆ ಮುರಿದಳು. ಯಾರ ಕೈಲೂ ತೆಗೆಯಲಾಗದ ಹುಳ ತನ್ನ ಅಕ್ಕನ ಮಗಳ ಕೈಯಿಂದ ಹೋಯಿತಂತೆ. ಅದು ನನ್ನ ಸೂಜಿ ಎಂದು ಅಲ್ಲೇ ಹೇಳಬೇಕಿತ್ತು. ಆದರೆ ಹೊಗಳಿಕೆಯೆಂದರೆ ನನಗೆ ಅಂದಿಗೂ ಇಂದಿಗೂ ಬೆಲ್ಲ. ಹೂಂ ಎಂದು ಹಲ್ಲು ಕಿರಿದೆ.

ಪರೀಕ್ಷೆಯ ದಿನ ಅವಳು ಮೊದಲ ಬಸ್ಸಿಗೇ ಬಂದಿದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇರಿನೊಳಗೆ ರಬ್ಬರಿನಂಥ ಕಡ್ಡಿ ತುಂಬಿ, ಕೊನೆಯ ಚಿತ್ರ ತೆಗೆದೆ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ದಪ್ಪನೆಯ ಬಿಳಿ ಗೆರೆ, ಬೇರಿನ ತುದಿಯವರೆಗೆ. ಎಂಥ ಚಂದದ ಕೆಲಸ ಎಂದು ನಾನು ಹಿಗ್ಗುವಷ್ಟರಲ್ಲಿ ಚಿಗವ್ವ ಕುರ್ಚಿಯಲ್ಲಿ ಎದ್ದು ಕುಳಿತಳು.

"ಅಯ್ಯ, ಮತ್ತ ಬಂದೈತಲ್ಲ ಇದು. ಮೊದಲಿಗಿಂತ ದಪ್ಪ ಆಗೇತಿ."

ಏನು ಬಂದಿದೆ ಎಂದು ಪರೀಕ್ಷಕರು ಕೇಳಿದರು. ಚಿಗವ್ವ ಹುಳದ ಕಥೆಯನ್ನು ಮೊದಲಿನಿಂದ ಬಿಡಿಸಿ ಹೇಳಿ, ಹೌದಲ್ಲ ಎಂದು ನನ್ನನ್ನೇ ಸಾಕ್ಷಿಗೆ ಕರೆದಳು. ಪರೀಕ್ಷಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾಲ್ಕು ವರ್ಷದ ಓದು ಕಣ್ಣೆದುರೇ ನೀರುಪಾಲಾಗುತ್ತಿತ್ತು. ಹಳ್ಳಿಯವಳು, ಏನೋ ಅನ್ನುತ್ತಾಳೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

"ಹುಳ ಇರಲೇ ಇಲ್ಲ, ಚಿಗವ್ವ. ಅವತ್ತ ಕಂಡದ್ದು ನನ್ನ ಸೂಜಿ. ಇದು ನಾ ತುಂಬಿದ್ದು. ನೀ ಹೊಗಳಿದಿ ಅಂತ ಸುಳ್ಳ ಹೇಳಿದೆ."

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. ಹಾಗಾದರೆ ಹೊಗೆ ಹಿಡಿಸುವವನ ಬಟ್ಟಲಿನಲ್ಲಿ ಕಂಡ ಹುಳ ಯಾವುದು ಎಂದು ಕೇಳಿದಳು. ಅದೂ ಸುಳ್ಳೇ ಎಂದೆ.

"ಅಂದ್ರ ಅವನೂ ನೀನೂ ಒಂದ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪರೀಕ್ಷಕರು ನನ್ನನ್ನು ಬಿಟ್ಟು ಚಿಗವ್ವನತ್ತ ತಿರುಗಿದರು. ನೋವು ಈಗ ಹೇಗಿದೆ ಎಂದು ಅವಳನ್ನು ಕೇಳಿದರು. ಚಿಗವ್ವ ಮುಖ ಗಂಟಿಕ್ಕಿಕೊಂಡೇ ಹೇಳಿದಳು.

"ನೋವಿಲ್ರಿ. ಹುಡುಗಿ ಬಾಯಿ ಸುಳ್ಳ, ಕೈ ಖರೆ ಐತಿ."

ಅವರು ನಗು ತಡೆದುಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದರು. ಪಟ್ಟಿಯಲ್ಲಿ ಏನೋ ಬರೆದು, ನೋಟದಲ್ಲೇ ಪಾಸೆಂದು ಹೇಳಿ ಮುಂದಿನ ಕುರ್ಚಿಗೆ ಹೋದರು. ನನಗೆ ಅಲ್ಲೇ ಗಿರಗಿರ ತಿರುಗಬೇಕೆನಿಸಿತು. ಅಷ್ಟರಲ್ಲಿ ಚಿಗವ್ವ ಏಪ್ರನ್ ಹಿಡಿದು ನನ್ನನ್ನು ವರಾಂಡಕ್ಕೆ ಎಳೆದೊಯ್ದಳು. ಅಲ್ಲಿ ಇಂದೂರಿನ ಏಳು ಮಂದಿ ಕೆನ್ನೆಗೆ ಕೈ ಹಚ್ಚಿಕೊಂಡು ಸಾಲಾಗಿ ಕುಳಿತಿದ್ದರು. ಕಂಪ್ಯೂಟರಿನಿಂದ ಹುಳ ತೆಗೆಸಿಕೊಳ್ಳಲು ಅವಳ ಜೊತೆಗೇ ಬಸ್ಸು ಹತ್ತಿದವರಂತೆ.

"ಊರ ತುಂಬ ಹೇಳೀನಿ. ಈಗ ಇವರಿಗೂ ನೀನ ಹೇಳು."

ಪರೀಕ್ಷಕರ ಮುಂದೆ ಕೂಡ ಅಷ್ಟು ತೊದಲಿರಲಿಲ್ಲ. ಹುಳ ಇಲ್ಲ, ಅಂದು ಕಂಡದ್ದು ನನ್ನ ಸೂಜಿ, ಸುಳ್ಳು ಹೇಳಿದವಳು ನಾನು ಎಂದೆ. ಯಾರೂ ಏಳಲಿಲ್ಲ. ತುದಿಯಲ್ಲಿ ಕುಳಿತಿದ್ದ ಅಜ್ಜ ಕೆನ್ನೆಯಿಂದ ಕೈ ತೆಗೆಯದೆ, ಹುಳ ಇಲ್ಲದಿದ್ದರೆ ಇಷ್ಟು ನೋವು ಯಾಕೆ ಎಂದು ಕೇಳಿದ. ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಅಜ್ಜನ ಪಕ್ಕ ನೆಲದ ಮೇಲೆ ಕುಳಿತೆ.

"ಬಾಯಿ ತಗೀರಿ ಅಜ್ಜಾರ," ಎಂದೆ. "ಮೊದಲ ನೋಡತೇನಿ, ಆಮ್ಯಾಲ ಹೇಳತೇನಿ."