ಊದಬಾರದ ಯಂತ್ರ, ಊದುವ ಬೋಜಪ್ಪಣ್ಣ

ಪುತ್ತೂರಿನ ನಮ್ಮ ಪ್ರಯೋಗಾಲಯದಲ್ಲಿ ಬೋಜಪ್ಪಣ್ಣನಷ್ಟು ಚೊಕ್ಕ ಮನುಷ್ಯ ಇನ್ನೊಬ್ಬರಿಲ್ಲ. ಅವರಿಗಿರುವ ಶತ್ರು ಒಂದೇ, ಅವರದೇ ಬಾಯಿ.

ಊರು ಮಂಡೆಕೋಲು. ಅರ್ಧ ಆಯುಷ್ಯ ಊರವರ ಅಡಿಕೆ ತೋಟಗಳಿಗೆ ಪಂಪಿನಲ್ಲಿ ಮದ್ದು ಬಿಟ್ಟು, ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ಸಹಾಯಕರಾಗಿ ಸೇರಿದರು. ರೋಗ ತಗುಲಿದ ಅಡಿಕೆ ಸೋಗೆಯ ಡಿಎನ್‌ಎ ಓದುವ ಸೀಕ್ವೆನ್ಸರ್ ಯಂತ್ರವನ್ನು ನಾನು ಓಡಿಸುವುದು, ಅವರು ತೊಳೆದು ಒರೆಸುವುದು. ಕೊಳವೆಗಳಲ್ಲಿ ತೊಳೆಯುವ ದ್ರಾವಣ ಹಾಯಿಸುವುದನ್ನು ಒಂದೇ ಸಲಕ್ಕೆ ಕಲಿತರು. ಆದರೆ ಮದ್ದಿನ ಪಂಪಿನ ನಾಜಲ್ ಕಟ್ಟಿದರೆ ಬಾಯಿಟ್ಟು 'ಉಫ್' ಎಂದು ಊದಿ ಅಭ್ಯಾಸವಾದ ಜನ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಕಲಿತ ಗುಣ ಅದಕ್ಕಿಂತ ಹಟಮಾರಿ.

ಸೇರಿದ ಹೊಸತರಲ್ಲೇ ಯಂತ್ರದ ಬಾಗಿಲು ತೆರೆದು, ಒಳಗೊಂದು ಧೂಳಿನ ಎಳೆ ಕಂಡು, ಊದಿಯೇಬಿಟ್ಟರು. ಬಾಯಲ್ಲಿ ಎಲೆಯಡಿಕೆ ಬೇರೆ! ಒಳಗಿನ ಗಾಜಿನ ಮೇಲೆಲ್ಲ ಕೆಂಪು ಹನಿ. ಇಂಜಿನಿಯರ್ ಬಂದು ಸರಿಮಾಡುವವರೆಗೆ ಕೆಲಸ ನಿಂತಿತು. ನಮ್ಮ ಮುಖ್ಯಸ್ಥೆ ಡಾ. ಗಾನಶ್ರೀ ಕೂಗಾಡುವವರಲ್ಲ.

"ಬೋಜಪ್ಪಣ್ಣ, ಇನ್ನೊಮ್ಮೆ ಊದಿದ್ರೆ ನಿಮ್ಮನ್ನು ಗೇಟಿಗೆ ಹಾಕುದೇ," ಎಂದರು.

ಗೇಟೆಂದರೆ ದಿನವಿಡೀ ನಿಂತು ಕಾಯಬೇಕು. ಆ ಮೊಣಕಾಲಿಗೆ ಅದು ಆಗದ ಮಾತು, ಹೋದರೆ ಕೆಲಸವೇ ಹೋದಂತೆ. ಅಡಿಕೆ ಊರಿನ ಮನುಷ್ಯ, ಅಡಿಕೆಯ ರೋಗ ಓದುವ ಯಂತ್ರಕ್ಕಾಗಿ ಅಡಿಕೆ ತಿನ್ನುವುದನ್ನೇ ಬಿಟ್ಟರು. ಮಾಸ್ಕಿನ ಮೇಲೊಂದು ಮಾಸ್ಕು ಕಟ್ಟಿದರು. ನಾವು ಕೆಣಕಿದರೆ, "ಎಂತ ಮಾಡುದು ಮಾರಾಯ್ರೆ, ಕಳ್ಳ ಎತ್ತಿಗೆ ಬಾಯಿಕುಕ್ಕೆ ಕಟ್ಟಬೇಕಲ್ಲ," ಎಂದು ತಾವೇ ನಗುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಕಳೆದ ಮಾರ್ಚಿನಲ್ಲಿ ಅವರನ್ನು ಖಾಯಂ ಮಾಡುವ ಮಾತು ಬಂತು. ಅದಕ್ಕೆ ಮೊದಲು ಗಾನಶ್ರೀಯವರ ಎದುರು, ಯಾರ ಸಹಾಯವೂ ಇಲ್ಲದೆ ಯಂತ್ರ ಸ್ವಚ್ಛ ಮಾಡಿ ತೋರಿಸಬೇಕಿತ್ತು. ತೊಳೆದದ್ದಾಯಿತು. ಒರೆಸಲೆಂದು ಬಾಗಿಲು ತೆರೆದರೆ, ಹಾಳಾದ್ದು, ನಟ್ಟನಡುವೆ ಒಂದು ಧೂಳಿನ ಎಳೆ! ಬೋಜಪ್ಪಣ್ಣನ ಎದೆ ಉಬ್ಬಿತು. ಎರಡು ಮಾಸ್ಕುಗಳ ಹಿಂದೆ ಕೆನ್ನೆಯೂ ಉಬ್ಬಿತು.

ತಟ್ಟನೆ ಬಾಗಿಲು ಮುಚ್ಚಿದವರೇ ಕುಂಟುತ್ತ ವರಾಂಡಕ್ಕೆ ಓಡಿದರು. ಮಾಸ್ಕು ಕೆಳಗೆಳೆದು ಅಂಗಳದ ಕಡೆಗೆ 'ಉಫ್' ಎಂದು ಊದಿದರು. ಮರಳಿ ಬಂದು, ಹೊಸ ಮಾಸ್ಕು ಕಟ್ಟಿ, ಕೈಗವಸು ಬದಲಿಸಿ, ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಆ ಎಳೆಯನ್ನು ಮೆಲ್ಲನೆ ತೆಗೆದರು.

"ಹೊರಗೆ ಎಂತ ಕೆಲಸ ಇತ್ತು?" ಗಾನಶ್ರೀ ಕೇಳಿದರು.

"ಬರುದನ್ನು ತಡೆಯಲಿಕ್ಕೆ ಆಗುದಿಲ್ಲ ಮೇಡಂ. ಹಾಗೆ ಹೊರಗೆ ಬಿಟ್ಟು ಬಂದೆ."

ಗಾನಶ್ರೀ ನಗು ನುಂಗಿಕೊಂಡು ನನ್ನತ್ತ ತಿರುಗಿದರು. "ಬೋಜಪ್ಪಣ್ಣ ಇನ್ನು ಖಾಯಂ. ಮತ್ತೆ, ಆ ವರಾಂಡದ ಬಾಗಿಲಿಗೆ ಯಾರೂ ಚಿಲಕ ಹಾಕುದು ಬೇಡ."